ಉರಿಯಿಲ್ಲ, ಜ್ವರವಿಲ್ಲ

ಪಂಕ್ಚರ್ ಅಂಗಡಿಯ ಹಿಂದಿನ ಕೋಣೆ,
ಶನಿವಾರ ಮಧ್ಯಾಹ್ನ

ಪ್ರೀತಿಯ ಮೆಣಸಿನಕಾಯಿ,

ಹೇಗಿದ್ದೀಯ? ವಾಕರಿಕೆ ನಿಂತಿತೇ? ನಮ್ಮ ಪುಟಾಣಿ ಒದೆಯಲು ಶುರುಮಾಡಿತೇ? ನೀನು ತವರಿಗೆ ಹೋದ ಮೇಲೆ ಫೋನು ಮಾಡಿದಾಗಲೆಲ್ಲ ಅತ್ತೆಯೇ ಎತ್ತಿ "ಮಲಗಿದ್ದಾಳಪ್ಪಾ" ಅನ್ನುತ್ತಾರೆ. ಅಷ್ಟು ನಿದ್ದೆ ಮಾಡುವವಳಲ್ಲ ನೀನು. ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪು ಕಂಡರೆ ನಗು, ನೀನು ನಕ್ಕರೆ ನನಗೆ ಅಷ್ಟೇ ಸಾಕು.

ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಒಬ್ಬನಿಗೆ ಅಡುಗೆ ಮಾಡುವ ಅಳತೆ ಇನ್ನೂ ಕೈಗೆ ಹತ್ತಿಲ್ಲ, ದಿನವೂ ನಿನ್ನ ಪಾಲು ಉಳಿಯುತ್ತದೆ. ಹಳೆ ಟೈರನ್ನು ಹೊಸದೆಂದು ಮಾರುತ್ತಿದ್ದ ಮಾಲೀಕನ ಗುಟ್ಟನ್ನು ಗಿರಾಕಿಯ ಎದುರೇ ಹೇಳಿ ನಾನು ಕೆಲಸ ಕಳೆದುಕೊಂಡ ದಿನ, "ಬಾಯಿಗೆ ಬೀಗ ಹಾಕೋಕೆ ಬರಲ್ವಾ ನಿಂಗೆ? ಹುಟ್ಟೋ ಮಗೂಗೆ ಸತ್ಯ ಬೇಯಿಸಿ ಹಾಕ್ತೀಯಾ?" ಎಂದು ಕೇಳಿ ನೀನು ಬಸ್ಸು ಹತ್ತಿದೆ. ಸದ್ಯಕ್ಕೆ ಈ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ.

ಹೋಗುವ ಮುನ್ನ ಆಸ್ಪತ್ರೆಯಲ್ಲಿ ಮೂತ್ರ ಕೊಟ್ಟಿದ್ದೆಯಲ್ಲ, ಅದರ ವರದಿ ನನ್ನ ಕೈಗೆ ಬಂತು. ಮೂತ್ರದಲ್ಲಿ ರೋಗಾಣುಗಳು ಬೆಳೆದಿವೆಯಂತೆ. ಅವಳಿಗೆ ಉರಿಯಿಲ್ಲ, ಜ್ವರವಿಲ್ಲ, ಇದೆಂಥ ರೋಗ ಎಂದು ಡಾಕ್ಟರಮ್ಮನ ಜೊತೆ ವಾದಕ್ಕಿಳಿದೆ. "ಬೇರೆಯವರಾಗಿದ್ರೆ ಬಿಟ್ಟುಬಿಡ್ತಿದ್ನೇನೋ, ಬಸುರೀಲಿ ಬಿಡೋ ಹಾಗಿಲ್ಲಪ್ಪ" ಎಂದರು. ಸುಮ್ಮನಿದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಬಹುದಂತೆ, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದಂತೆ. ಆಗ ತಲೆಗೆ ಹೋಯಿತು. ಸಣ್ಣ ತೂತಿನ ಟ್ಯೂಬೂ ನೋಡಲು ಗಟ್ಟಿಯಾಗಿಯೇ ಇರುತ್ತದೆ, ನೀರಿಗೆ ಅದ್ದಿದಾಗಲೇ ಗುಳ್ಳೆ ಏಳುವುದು. ಇದರಲ್ಲಿ ನಿನ್ನ ತಪ್ಪೇನಿಲ್ಲ, ಯಾರಿಗೆ ಬೇಕಾದರೂ ಬರುತ್ತದಂತೆ. ನಿನಗೆ ಒಗ್ಗದ ಔಷಧಿ ಯಾವುದೂ ಇಲ್ಲವೆಂದು ಹಳೆ ಚೀಟಿಗಳಲ್ಲಿ ನೋಡಿ, ಮಗುವಿಗೆ ತೊಂದರೆಯಾಗದ ಮಾತ್ರೆ ಬರೆದುಕೊಟ್ಟರು.

ಅತ್ತೆಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಅವಳಿಗೆ ಹೇಳ್ಬೇಡಪ್ಪಾ, ಮೊದ್ಲೇ ಪುಕ್ಕಲಿ, ಹೆದರ್ಕೊಂಡು ಊಟ ಬಿಡ್ತಾಳೆ. ನಾನು ನೋಡ್ಕೋತೀನಿ" ಎಂದರು. ತಾಯಿ ಕರುಳು. ಹೂಂ ಎಂದು ಮಾತ್ರೆಗಳನ್ನು ಬಸ್ಸಿನಲ್ಲಿ ಕಳಿಸಿಕೊಟ್ಟೆ. ಈಗ ಮಾತಿಗೆ ತಪ್ಪುತ್ತಿದ್ದೇನೆ. ಒಡಲು ನಿನ್ನದು, ನಿನ್ನಿಂದಲೇ ಮುಚ್ಚಿಟ್ಟು ಇನ್ಯಾರಿಗೆ ಹೇಳಲಿ? ಈ ಕೋಣೆಯಲ್ಲಿ ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ಅತ್ತೆ ಮಾವನಿಗೆ ನಮಸ್ಕಾರ ತಿಳಿಸು. ನೀರು ಚೆನ್ನಾಗಿ ಕುಡಿ. ಪುಟಾಣಿಗೆ ಅಪ್ಪನ ಮುತ್ತು.

ನಿನ್ನ
ಮೊಂಡ

ತಾ.ಕ.: ಅಂಚೆಯವರು ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಅತ್ತೆ "ಶಕ್ತಿ ಮಾತ್ರೆ" ಎಂದು ಕೊಡುತ್ತಿರುವುದು ಈ ಔಷಧಿಯನ್ನೇ, ಅವರೇ ಫೋನಿನಲ್ಲಿ ಹೇಳಿದರು. ಶಕ್ತಿ ಮಾತ್ರೆಗಳಿಗೆ ನೀನು ಕಾಣಿಸುವ ಗತಿ ನನಗೆ ಗೊತ್ತು. ಮೊನ್ನೆ ಮನೆಯ ಗುಲಾಬಿ ಕುಂಡದ ಮಣ್ಣು ಬದಲಿಸುವಾಗ ನೀನು ಹೂತಿಟ್ಟ ಮಾತ್ರೆಗಳೆಲ್ಲ ಸಿಕ್ಕವು. ಯಾರಿಗೂ ಹೇಳಿಲ್ಲ, ಅದರ ಜಗಳ ಆಮೇಲೆ. ಇವನ್ನು ಮಾತ್ರ ಹೂಳಬೇಡ. ಈಗಾಗಲೇ ಹೂತಿದ್ದರೆ ಅಲ್ಲಿನ ಡಾಕ್ಟರಿಗೆ ಹಾಗೆಂದೇ ಹೇಳು. ಪೂರ್ತಿ ಮುಗಿಸಿ ಮತ್ತೊಮ್ಮೆ ಮೂತ್ರ ಪರೀಕ್ಷೆ ಮಾಡಿಸು. ಅತ್ತೆಯ ಮೇಲೆ ರೇಗಬೇಡ. ನಿನ್ನ ಸಿಟ್ಟೆಲ್ಲ ನನ್ನ ಮೇಲಿರಲಿ, ಮಾತ್ರೆಯ ಮೇಲೆ ಬೇಡ.