ಗುರುವಾರ ಬಂದವರು

ರಾಯಪುರಂ, ಚೆನ್ನೈ
20 ಜನವರಿ 2002, ರವಿವಾರ

ಪ್ರೀತಿಯ ಮಧುರಾ,

ಕರ್ತನ ಕೃಪೆ ನಿನ್ನ ಮೇಲಿರಲಿ. ಕ್ರಿಸ್ಮಸ್‌ಗೆ ನೀನು ಬರೆದ ಪತ್ರ ತಲುಪಿ ಮೂರು ವಾರ ಆಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತು ಎದ್ದಿದ್ದೇನೆ. ಗದಗಿನ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದೇನೆ, ಶಾಲೆ ಮುಗಿಸಿ ಬಂದು ಬಾಗಿಲು ಹಾಕಿಕೊಂಡು ಒಬ್ಬಳೇ ಪ್ರಾರ್ಥಿಸುವುದೇ ಸಮಾಧಾನ ಎಂದು ಬರೆದಿದ್ದೀ. ಅವ್ವ ಸಾಯುವಾಗ ತಿರುಗಿ ನೋಡದ ಸಭೆ ಯಾಕೆ ಬೇಕು ಎಂದು ಕೇಳಿದ್ದೀ. ಅದಕ್ಕೆ ಉತ್ತರ ನನ್ನ ಹತ್ತಿರ ಇದೆ. ಒಂದು ವರ್ಷದಿಂದ ಇದೆ.

ನಾನು ಸಭೆ ಬಿಟ್ಟಿದ್ದು ಯಾಕೆಂದು ನಿನಗೆ ಗೊತ್ತು. ತಮಿಳರ ಚರ್ಚಿನ ಶಾಲೆಯ ಹಾಲಿನಲ್ಲಿ ಸಂಜೆ ನಾಲ್ಕಕ್ಕೆ ಸೇರುವ ನಮ್ಮ ಮೂವತ್ತು ಕನ್ನಡ ಮನೆಗಳು. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ವಾರ ಬಿಟ್ಟು ವಾರ ಆರಾಧನೆ ತಮಿಳಿನಲ್ಲಿರಲಿ ಎಂದು 97ರಲ್ಲಿ ಕಮಿಟಿಯವರು ತೀರ್ಮಾನಿಸಿದರು. ನಾನು ಎದ್ದು ನಿಂತು, ಇವತ್ತಿನಿಂದ ನನ್ನ ಮನೆಯೇ ನನ್ನ ಸಭೆ ಎಂದು ಹೇಳಿ ಹೊರಟುಬಂದೆ. ನಿಮ್ಮವ್ವ ಹಾಡಿನ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ನನ್ನ ಹಿಂದೆಯೇ ಬಂದಳು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಒಪ್ಪಿಗೆಯೆಂದೇ ನಾನು ತಿಳಿದುಕೊಂಡೆ.

ಆಮೇಲೆ ಪ್ರತಿ ರವಿವಾರ ಎರಡು ಕುರ್ಚಿ. ನಾನು ಓದುತ್ತಿದ್ದೆ, ನಾನೇ ಪ್ರಸಂಗ ಮಾಡುತ್ತಿದ್ದೆ, ಅವಳು ಕೇಳುತ್ತಿದ್ದಳು. ಹಾಡಲು ಹೇಳಿದರೆ ಗಾಯನ ಮಂಡಳಿಯಲ್ಲಿ ತಾನು ಹಾಡುತ್ತಿದ್ದ ಎರಡನೆಯ ದನಿಯನ್ನೇ ಹಾಡುತ್ತಿದ್ದಳು. ಮೊದಲ ದನಿಯಿಲ್ಲದೆ ಆ ರಾಗ ಯಾವುದೆಂದೇ ತಿಳಿಯುತ್ತಿರಲಿಲ್ಲ. ಸರಿಯಾಗಿ ಹಾಡು ಎಂದು ನಾನೊಮ್ಮೆ ರೇಗಿದಾಗ ಅವಳು, “ನಂಗ ಬರೂದು ಇಷ್ಟರೀ, ಉಳಿದದ್ದು ಬ್ಯಾರೆದವರು ಹಾಡಬೇಕು” ಅಂದಳು.

2000ದ ಜುಲೈಯಲ್ಲಿ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ದಸರಾ ರಜೆಯಲ್ಲಿ ನೀನು ಬಂದಿದ್ದಾಗ ಅವಳು ಇನ್ನೂ ಎದ್ದು ಓಡಾಡುತ್ತಿದ್ದಳು. ನವೆಂಬರಿನಲ್ಲಿ ಹಾಸಿಗೆ ಹಿಡಿದಳು. ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು.

ಮಧುರಾ, ಅವರು ಬಂದಿದ್ದರು.

ಸ್ತ್ರೀಸಮಾಜದ ಸಣ್ಣಮ್ಮ ಮತ್ತು ಇನ್ನಿಬ್ಬರು ಹೆಂಗಸರು. ಗುರುವಾರ ಸಂಜೆ, ಎರಡು ಬಸ್ಸು ಬದಲಿಸಿ, ಗಂಜಿಯ ಡಬ್ಬಿ ಹಿಡಿದುಕೊಂಡು ಬಂದರು. ನಾನು ಮೆಟ್ಟಿಲ ಮೇಲೆಯೇ ನಿಂತು, ಮಲಗಿದ್ದಾಳೆ, ಎಬ್ಬಿಸಬೇಡಿ ಎಂದೆ. ಮುಂದಿನ ಗುರುವಾರವೂ ಬಂದರು. ಡಾಕ್ಟರು ಯಾರನ್ನೂ ಬಿಡಬೇಡಿ ಅಂದಿದ್ದಾರೆ ಎಂದು ಸುಳ್ಳು ಹೇಳಿದೆ. ಹನ್ನೊಂದು ಗುರುವಾರ ಬಂದರು. ಒಂದು ಸಲ ಅಂದಾನಿ ಅಯ್ಯನವರೇ ಬಂದರು. ನಮ್ಮ ಸಭಾಪಾಲಕರು, ಮಂಡಿನೋವಿನ ಮನುಷ್ಯ. ಅವರಿಗೂ ಕೂರಿ ಎನ್ನಲಿಲ್ಲ.

ಯಾಕೆಂದು ಕೇಳುತ್ತೀ. ಅವರು ಒಳಗೆ ಬಂದರೆ ನಿಮ್ಮವ್ವ ಅವರ ಮುಂದೆ ಅಳುತ್ತಾಳೆ, ನನ್ನ ಎರಡು ಕುರ್ಚಿಯ ಸಭೆ ಅವಳಿಗೆ ಸಾಲಲಿಲ್ಲವೆಂದು ಅವರಿಗೆಲ್ಲ ತಿಳಿದುಬಿಡುತ್ತದೆ ಎಂಬ ಭಯ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಒಂದು ಗುರುವಾರ ಅವಳು ಕೇಳಿದಳು, “ಸಭೆದವರು ಯಾರೂ ನನ್ನ ಕೇಳಲಿಲ್ಲೇನ್ರೀ?”

“ಯಾರೂ ಇಲ್ಲ. ಅವರಿಗೆ ನಾವು ಸತ್ತಾಂಗ” ಎಂದೆ. ಅವಳು ಗೋಡೆಯ ಕಡೆ ಹೊರಳಿದಳು.

ಜನವರಿಯಲ್ಲಿ, ಸಭೆಯಲ್ಲಿ ಅಯ್ಯನವರು ಕೊಡುವ ಕರ್ತನ ಭೋಜನ ಬೇಕೆಂದಳು. ಅವರನ್ನು ಕರೆಯದೆ ನಾನೇ ಅಂಗಡಿಯಿಂದ ಬ್ರೆಡ್ಡು, ದ್ರಾಕ್ಷಿ ತಂದೆ. ವಾಕ್ಯ ಓದಿ, ಮುರಿದು, ಬಾಯಿಗಿಟ್ಟೆ. ನುಂಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಹೇಳಿದಳು, “ಸಿಟ್ಟು ಮಾಡಬ್ಯಾಡ್ರಿ. ನಾವಿಬ್ರು ಕುಂತು ಬ್ರೆಡ್ ತಿಂದಾಂಗ ಆತು.”

ಫೆಬ್ರುವರಿ ಏಳರ ಬೆಳಿಗ್ಗೆ ಹೋದಳು. ನಿನಗೆ ಫೋನ್ ಮಾಡಿ ಬಂದು ಅವಳ ಪಕ್ಕದಲ್ಲಿ ಕೂತೆ. ಬೇರೆ ಯಾರಿಗೂ ತಿಳಿಸಲಿಲ್ಲ. ತಿಳಿಸಿದವರು ಕೆಳಮನೆಯ ರಾಮದಾಸ್. ನಾನು ವಾಪಸು ಕಳಿಸುತ್ತಿದ್ದ ಸಣ್ಣಮ್ಮ ರಾಮದಾಸರ ಕೈಯಲ್ಲಿ ತನ್ನ ಫೋನ್ ನಂಬರು ಕೊಟ್ಟು ಹೋಗಿದ್ದಳಂತೆ. ಒಂದು ಗಂಟೆಯೊಳಗೆ ಮೆಟ್ಟಿಲ ತುಂಬ ಜನ. ಹೆಂಗಸರು ಅವಳಿಗೆ ಸ್ನಾನ ಮಾಡಿಸಿದರು, ಬಿಳಿ ಸೀರೆ ಉಡಿಸಿದರು. ಗಂಡಸರು ಪೆಟ್ಟಿಗೆ ತಂದರು. ಯಾರೂ ನನ್ನನ್ನು ಒಂದು ಪ್ರಶ್ನೆ ಕೇಳಲಿಲ್ಲ. ರಾತ್ರಿಯೆಲ್ಲ ನಾಲ್ಕೂ ದನಿಗಳಲ್ಲಿ ಹಾಡಿದರು. ನಾಲ್ಕು ವರ್ಷ ನಮ್ಮ ಮನೆಯಲ್ಲಿ ಅರ್ಧ ಕೇಳಿದ ಹಾಡು ಅವತ್ತು ಪೂರ್ತಿಯಾಯಿತು. ಕೇಳಬೇಕಾದವಳು ಇರಲಿಲ್ಲ.

ಮಾರನೆಯ ದಿನ ನೀನು ರೈಲಿಳಿದು ಬಂದೆ. ಪೆಟ್ಟಿಗೆಯ ಹತ್ತಿರ ನಿಂತಿದ್ದ ಸಣ್ಣಮ್ಮನನ್ನು ನೋಡಿ, ಎಲ್ಲರ ಎದುರಿಗೇ, “ಇದ್ದಾಗ ಒಂದಿನಾನೂ ಬರಲಿಲ್ಲ, ಈಗ್ಯಾಕ ಬಂದೀರಿ?” ಎಂದು ಕೂಗಿದೆ. ಸಣ್ಣಮ್ಮ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳು ಕೈಮುಗಿದು, “ತಪ್ಪಾತವ್ವ” ಎಂದಳು.

ನಿನ್ನ ಸಿಟ್ಟು ಬೀಳಬೇಕಾಗಿದ್ದು ನನ್ನ ಮೇಲೆ. ಅದು ಬೇರೆಯವರ ಮೇಲೆ ಬೀಳುವುದನ್ನು ನೋಡುತ್ತ ನಿಂತೆ.

ಸೆಪ್ಟೆಂಬರಿನಿಂದ ನಾನು ಆರಾಧನೆಗೆ ಹೋಗುತ್ತಿದ್ದೇನೆ, ತಮಿಳಿನ ವಾರವೂ. ಮನಸ್ಸು ಹಗುರವಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ಬರುತ್ತೇನೆ. ಹೋದ ತಿಂಗಳು ಸಣ್ಣಮ್ಮನನ್ನು ಕೇಳಿದೆ, ಅವತ್ತು ಯಾಕೆ ನಿಜ ಹೇಳಲಿಲ್ಲ ಎಂದು. ಅವಳು ಹಾಡಿನ ಪುಸ್ತಕಗಳನ್ನು ಜೋಡಿಸುತ್ತಲೇ ಅಂದಳು, “ಅವ್ವನ್ನ ಕಳಕೊಂಡ ಹುಡುಗಿ ಅವತ್ತ ಅಪ್ಪನ್ನೂ ಕಳಕೋಬೇಕಿತ್ತೇನ್ರೀ?”

ಇದನ್ನು ಓದಿದ ಮೇಲೆ ನೀನು ನನ್ನನ್ನು ಕಳೆದುಕೊಳ್ಳಬಹುದು. ಆದರೂ ಬರೆಯುತ್ತಿದ್ದೇನೆ. ನನ್ನ ಸುಳ್ಳನ್ನು ನಂಬಿ ನೀನು ಬಾಗಿಲು ಹಾಕಿಕೊಂಡು ಕೂತಿದ್ದೀ. ದೇವರ ಮುಂದೆ ಒಬ್ಬರೇ ಕೂತರೆ ಎಷ್ಟು ಸುಲಭವಾಗಿ ನಮಗೆ ಬೇಕಾದದ್ದನ್ನೇ ದೇವರ ಬಾಯಲ್ಲಿ ಹೇಳಿಸಿಕೊಳ್ಳಬಹುದೆಂದು ನನಗೆ ಗೊತ್ತು. ನಾನು ನಾಲ್ಕು ವರ್ಷ ಅದನ್ನೇ ಮಾಡಿದೆ. ನಿಮ್ಮವ್ವ ಪಕ್ಕದ ಕುರ್ಚಿಯಲ್ಲಿ ಕೂತು ಅದನ್ನೇ ಕೇಳಿದಳು, ಸಭೆಯಿಲ್ಲದೆ ಸತ್ತಳು.

ಕ್ಷಮಿಸು ಎಂದು ಕೇಳುವ ಮುಖವಿಲ್ಲದ ನಿನ್ನ ಅಪ್ಪ,
ಭೋಜರಾಜ

ತಾ.ಕ.: ಫೆಬ್ರುವರಿ ಹತ್ತರ ರವಿವಾರ ಅವ್ವನ ವರ್ಷದ ಸ್ಮರಣೆಯ ಪ್ರಾರ್ಥನೆ. ನಾನೂ ನಾಲ್ಕು ಮಾತಾಡಬೇಕೆಂದು ಅಯ್ಯನವರು ಹೇಳಿದ್ದಾರೆ. ಎರಡು ಪುಟ ಬರೆದಿಟ್ಟಿದ್ದೆ. ಈಗ ತೆಗೆದು ಓದಿದರೆ ಗುರುವಾರಗಳ ಮಾತು ಅದರಲ್ಲಿ ಎಲ್ಲೂ ಇಲ್ಲ. ಸೇರಿಸಲು ನನ್ನೊಬ್ಬನ ಕೈಲಾಗುವುದಿಲ್ಲ. ನೀನು ಬಾ. ಮುಂದಿನ ಬೆಂಚಿನಲ್ಲಿ ಕೂರು. ನಾನು ಅದನ್ನು ಹೇಳದೆ ಕೆಳಗಿಳಿದರೆ, ಎಲ್ಲರ ಎದುರಿಗೇ ಎದ್ದು ನಿಂತು ಕೇಳು.