ಟುಸಿಯ ಸೊಳ್ಳೆಪರದೆ

ಬರಿಶಾಲ್
ಅಕ್ಟೋಬರ್ ೨೯

ಪ್ರೀತಿಯ ಬುಬು,

ಸಲಾಂ. ಕಾಲಿನ ಪಟ್ಟಿ ಬಿಚ್ಚಿದರೇ? ಖುಲ್ನಾದಿಂದ ನೀನು ಎರಡು ಸಲ ಬರೆದರೂ ಉತ್ತರಿಸಲಿಲ್ಲ, ಕ್ಷಮಿಸು. ಪತ್ರಿಕೆಯಲ್ಲಿ ರಾತ್ರಿಯಿಡೀ ಊರಿನವರ ತಪ್ಪು ತಿದ್ದುವವನಿಗೆ ಅಕ್ಕನಿಗೆ ನಾಲ್ಕು ಸಾಲು ಬರೆಯಲು ನಲವತ್ತು ದಿನ ಹಿಡಿಯಿತು.

"ಹೋದ ವರ್ಷವೇ ಟುಸಿಗೆ ಡೆಂಗೂ ಬಂದು ಹೋಗಿತ್ತಲ್ಲ, ಮಗು ಈ ಸಲ ಹೇಗೆ ಸತ್ತಳು?" ಎಂದು ಕೇಳಿದ್ದೀ. ಡಾಕ್ಟರಮ್ಮನನ್ನು ನಾನೂ ಅದನ್ನೇ ಕೇಳಿದೆ.

"ಡೆಂಗೂಲಿ ನಾಲ್ಕು ಥರ ಇದೆ ಭಾಯ್," ಎಂದರು. "ಹೋದ್ಸಲ ಬಂದ ಕಳ್ಳನ ಮುಖಾನ ಮೈಯ ಕಾವಲುಗಾರ ನೆನಪಿಟ್ಕೊಂಡಿದ್ದ. ಈ ಸಲ ಬಂದೋನು ಆ ಕಳ್ಳನ ತಮ್ಮ. ಅವನೇ ಅಂದ್ಕೊಂಡು ಹಿಡಿದ, ಹಿಡಿತ ಸಾಲ್ಲಿಲ್ಲ. ಹಿಡ್ಕೊಂಡೇ ಮನೆಯೊಳಗೆ ಕರ್ಕೊಂಡ್ ಬಂದ. ಆಮೇಲೆ ಗಾಬರಿಬಿದ್ದು, ಕಳ್ಳನಿಗೆ ಹೊಡೀತೀನಿ ಅಂತ ಗೋಡೆ ಎಲ್ಲಾ ಒಡೆದ್ಹಾಕಿದ."

ರಕ್ತನಾಳಗಳು ಸೋರತೊಡಗಿದ್ದವಂತೆ. ಮೊದಲ ಜ್ವರ ಕೊಟ್ಟುಹೋದ ರಕ್ಷಣೆಯೇ ಎರಡನೆಯದಕ್ಕೆ ಬಾಗಿಲು ತೆರೆದಿತ್ತು.

ಐದನೇ ದಿನ ಜ್ವರ ಬಿಟ್ಟಿತ್ತು, ಬುಬು. ಹೆತ್ತವಳಲ್ಲವೇ, ಹಾಸ್ನಾ ಖುಷಿಯಿಂದ ಖಿಚುಡಿ ಮಾಡಿದಳು. "ಅಬ್ಬು, ನಿಮ್ಮ ಮೊಟ್ಟೆನೂ ನಂಗೇ," ಎಂದು ನನ್ನ ತಟ್ಟೆಗೆ ಕೈ ಹಾಕಿದ ಟುಸಿ ಎರಡೇ ತುತ್ತಿಗೆ ಹೊಟ್ಟೆ ಹಿಡಿದುಕೊಂಡಳು. ಕೈಕಾಲು ತಣ್ಣಗಿದ್ದವು. ಜ್ವರ ಇಳಿದ ತಂಪು ಎಂದುಕೊಂಡೆವು, ಮೂರ್ಖರು. ಮರುದಿನ ಮಧ್ಯಾಹ್ನ ಆಸ್ಪತ್ರೆಯ ವರಾಂಡದಲ್ಲಿ, ನೆಲದ ಹಾಸಿಗೆಯ ಮೇಲೆ ಹೋದಳು. ಹನ್ನೊಂದು ತುಂಬಿರಲಿಲ್ಲ.

ಪತ್ರಿಕೆಯ ಚುಟುಕಗಳಿಗೆ ನನಗೆ ಪ್ರಾಸ ಹೊಳೆಯುವುದು ನಿಂತಿದೆ. ಓದುಗರಿಗೆ ಅಷ್ಟು ಲಾಭ. ಹಾಸ್ನಾ ನನ್ನೊಡನೆ ಮಾತಾಡುವುದಿಲ್ಲ. ಅನ್ನ ಬಡಿಸಿ ಗೋಡೆಯತ್ತ ತಿರುಗುತ್ತಾಳೆ.

ನಿನ್ನ ಕಾಲು ಬೇಗ ಗಟ್ಟಿಯಾಗಲಿ, ಮಕ್ಕಳು ಚೆನ್ನಾಗಿರಲಿ. ಹಾಸ್ನಾಗಾಗಿ ದುಆ ಮಾಡು. ನನಗಾಗಿ ಬೇಡ.

ನಿನ್ನ ತಮ್ಮ,
ಮೋಸ್ತಾಕ್

ವಿ.ಸೂ.: ಈದ್‌ಗೆ ನೀನು ಟುಸಿಗೆಂದೇ ಹೊಲಿದು ಕಳಿಸಿದ ಸೊಳ್ಳೆಪರದೆ ಕಟ್ಟುತ್ತಿರಲಿಲ್ಲವೇ ಎಂದೂ ಕೇಳಿದ್ದೀ. ಆ ಸಾಲಿಗೆ ಉತ್ತರಿಸದೆ ಹಾರಿಸಿಬಿಟ್ಟಿದ್ದೆ. ನನ್ನ ಪರದೆ ಸೊಳ್ಳೆಬತ್ತಿಯ ಕಿಡಿಗೆ ಸುಟ್ಟಿತ್ತು. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ, ರಾತ್ರಿಪಾಳಿಯ ನಾನು ಮಲಗುವುದೂ ಹಗಲಲ್ಲಿ. "ಅವಳಿಗೆ ಬಂದು ಹೋಗಿದೆ, ಇನ್ನೇನಾಗುತ್ತೆ? ನಂಗಿನ್ನೂ ಬಂದಿಲ್ಲ," ಎಂದು ಅವಳದನ್ನು ಕೇಳಿ ತೆಗೆದುಕೊಂಡೆ. ದಿನಾ ಶಾಲೆಯಿಂದ ಬಂದು ಅವಳೇ ಪರದೆಯ ಅಂಚನ್ನು ನನ್ನ ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿ, ಅದರ ಹೊರಗೆ ಕೂತು ಪಾಠ ಬರೆಯುತ್ತಾ ಹಾಡುತ್ತಿದ್ದಳು:

ಸೊಳ್ಳೆರಾಯ, ಸೊಳ್ಳೆರಾಯ, ಹೋದ ವರ್ಷ ಉಂಡೆಯಲ್ಲ,
ಈ ಸಲ ನೀನು ಬಂದರಿಲ್ಲಿ ಅನ್ನ ಬಡಿಸೋರಿಲ್ಲ!

ನಾನು ಒಳಗೆ ಚೆನ್ನಾಗಿ ನಿದ್ದೆ ಮಾಡಿದೆ, ಬುಬು.