ಗಾಯಕಿ ಇದ್ದ ಮನೆ

ಮಾರ್ಚ್ 3, ಸಂಜೆ
ಇವತ್ತೂ ಎರಡು ಟೂರ್. ಪಾರ್ಲಿಮೆಂಟು, ಮ್ಯೂಸಿಯಂ, ಹಳೇ ಸೇತುವೆ. ಟೂರಿಸ್ಟುಗಳಿಗೆ ಗುರುತು ಸಿಗಲಿ ಅಂತ ಹಳದಿ ಕೊಡೆ ಎತ್ತಿ ಹಿಡಿದು ಹಿಡಿದು ರಟ್ಟೆ ಬಿದ್ದುಹೋಗಿದೆ. ಎರಡು ಗುಂಪಿಗೂ ಅದೇ ಜೋಕು. ಎರಡೂ ಗುಂಪಿನವರು ನಕ್ಕರು, ಪುಣ್ಯಾತ್ಮರು.
ಮ್ಯೂಸಿಯಂ ಹಿಂದಿನ ಓಣಿಗೆ ಮಗಳು ಬಾಡಿಗೆಗೆ ಬಂದಿದ್ದಾಳಂತೆ. ತಂಗಿ ಫೋನಿನಲ್ಲಿ ಬಾಯಿಬಿಟ್ಟಳು. ಮೂರನೇ ಮಹಡಿ. "ನಾನು ಹೇಳ್ದೆ ಅನ್ಬೇಡ ಅಣ್ಣ. ಹೋಗಿ ಬಾಗಿಲು ಗೀಗಿಲು ತಟ್ಟಬೇಡ, ನಿನ್ನ ದಮ್ಮಯ್ಯ."
ತಟ್ಟಲ್ಲ. ಅವಳಮ್ಮ ತೀರಿಹೋದ ಮೇಲೆ ಇನ್ನೊಂದು ಮದುವೆಯಾದೆ, ಮಗಳು ಮಾತು ಬಿಟ್ಟಳು. ಆಮೇಲೆ ಎರಡನೆಯವಳು ನನ್ನನ್ನೇ ಬಿಟ್ಟಳು. ಈಗ ಮನೇಲಿ ನಾನು, ಕೊಡೆ.

ಮಾರ್ಚ್ 6
ಗುಂಪನ್ನು ಆ ಓಣಿಗೆ ತಿರುಗಿಸಿದೆ. ಸುಮ್ಮನೆ ನಿಲ್ಲೋಕಾಗುತ್ತಾ? ಒಂದು ರೈಲು ಬಿಟ್ಟೆ — "ಮೂರನೇ ಮಹಡಿ ನೋಡಿ. ಅಲ್ಲೊಬ್ಬ ಗಾಯಕಿ ಇದ್ದಳು. ಕಿಟಕಿ ತೆಗೆದು ಹಾಡಿದ್ರೆ ಬೀದಿಗೆ ಬೀದಿಯೇ ನಿಂತುಬಿಡ್ತಿತ್ತು." ಎಲ್ಲರೂ ತಲೆ ಎತ್ತಿದರು. ಅವರ ಜೊತೆ ನಾನೂ.
ಮಗಳು ಬಟ್ಟೆ ಒಣಹಾಕುತ್ತಿದ್ದಳು. ಸ್ವಲ್ಪ ದಪ್ಪಗಾಗಿದ್ದಾಳೆ. ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಳ್ಳೋದು ಥೇಟ್ ಅವಳಮ್ಮ. ಕೆಳಗೆ ನೋಡಲಿಲ್ಲ. ಆದರೂ ಜೀವ ತಣ್ಣಗಾಯಿತು.

ಮಾರ್ಚ್ 19
ದಿನಾ ಅಲ್ಲಿ ನಿಲ್ಲಿಸುತ್ತೇನೆ. ಕಥೆಗೆ ಬಾಲ ಬೆಳೆಯುತ್ತಿದೆ... ಗಾಯಕಿಗೆ ಯುದ್ಧಕ್ಕೆ ಹೋದ ಪ್ರೇಮಿಯನ್ನೂ ಕೊಟ್ಟೆ. ಒಬ್ಬ ಅಜ್ಜಿ ಕಣ್ಣೊರೆಸಿಕೊಂಡರು. ಪಾರ್ಲಿಮೆಂಟಿನ ಮುಂದೆ ಯಾರೂ ಅಳಲ್ಲ.

ಏಪ್ರಿಲ್ 11
ಎಡವಟ್ಟಾಯಿತು. ಟೂರಿಸ್ಟುಗಳು ಆನ್‌ಲೈನಿನಲ್ಲಿ ಬರೆದಿದ್ದಾರೆ — ಗಾಯಕಿ ಮನೆಯೇ ಬೆಸ್ಟು ಅಂತ. ಈಗ ಸೈಕಲ್ ಟೂರಿನವರೂ ನಿಲ್ಲಿಸುತ್ತಾರೆ. ಕೆಂಪು ಕೊಡೆಯ ಗೈಡು ಜನರ ಕೈಲಿ ಚಪ್ಪಾಳೆ ಬೇರೆ ಹೊಡೆಸುತ್ತಾನೆ.
"ಬಿಟ್ಬಿಡಯ್ಯಾ, ಅಲ್ಲಿ ಯಾವ ಗಾಯಕೀನೂ ಇರ್ಲಿಲ್ಲ. ನಾನೇ ಕಟ್ಟಿದ ಕಥೆ ಅದು."
"ಹೊಟ್ಟೆಕಿಚ್ಚಾ ನಿಂಗೆ?" ಅಂದ.
ಕಿಟಕಿಗೆ ದಪ್ಪ ಪರದೆ ಬಿದ್ದಿದೆ. ಒಣಹಾಕಿದ ಬಟ್ಟೆಯೂ ಕಾಣಲ್ಲ. ಯಾಕಾದರೂ ಬಾಯಿ ತೆರೆದೆನೋ.

ಏಪ್ರಿಲ್ 14
ಇಳಿದು ಬಂದಳು. ಸೊಂಟದ ಮೇಲೆ ಮಗು. ಮೊಮ್ಮಗು ಇರೋದನ್ನ ತಂಗಿ ಹೇಳಿರಲಿಲ್ಲ. ಕೊಡೆ ಹಿಡಿದವನೇ ಗೈಡು ಅಂತ ನೇರ ನನ್ನತ್ರ ಬಂದವಳು, ಆಮೇಲೆ ಮುಖ ನೋಡಿದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. ಸುತ್ತ ಜನ, ಮೊಬೈಲು ಎತ್ತಿಕೊಂಡು.
"ಗೈಡ್ ಅವರೇ," ಅಂದಳು. ಅಪ್ಪ ಅನ್ನಲಿಲ್ಲ. "ದಿನವೆಲ್ಲಾ ಚಪ್ಪಾಳೆ. ಮಗು ಮಲಗ್ತಾನೇ ಇಲ್ಲ. ದಯವಿಟ್ಟು ಇಲ್ಲಿ ನಿಲ್ಬೇಡಿ."
"ಆಯ್ತಮ್ಮ. ಇನ್ನು ನಿಲ್ಲಲ್ಲ."
ಮಗು ಕೊಡೆಗೆ ಕೈ ಚಾಚಿತು. ಆ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಬಿಟ್ಟಳು.
"ಯಾರವರು?" ಗುಂಪಿನಲ್ಲಿ ಒಬ್ಬರು ಕೇಳಿದರು.
"ಇಲ್ಲಿ ಬಾಡಿಗೆಗೆ ಇರೋರು" ಅಂದೆ.

ಏಪ್ರಿಲ್ 15
ಓಣಿ ಬಿಟ್ಟೆ. ಮ್ಯೂಸಿಯಂನಿಂದ ನೇರ ಸೇತುವೆಗೆ. ಟೂರ್ ಬೇಗ ಮುಗಿದುಹೋಯಿತು. ಟೈಮ್ ಇದೆಯಲ್ಲ, ಇನ್ನೇನಾದ್ರೂ ತೋರ್ಸಿ ಅಂದರು. ಈ ಊರಲ್ಲಿ ನೋಡೋ ಅಂಥದ್ದು ಇನ್ನೇನಿದೆ ಅಂತ ನಿಂತಲ್ಲೇ ಯೋಚಿಸಿದೆ, ಕೊಡೆ ಎತ್ತಿಕೊಂಡು... ಆ ಕಿಟಕಿ ಬಿಟ್ರೆ ಏನೂ ಇಲ್ಲ.